ನೀವು ಹೇಳಿದ ಆ ‘ಸಾಕು’

ಬೆಳುಂಕಿ, ತಾ. ಜತ್ತ
೯ ಫೆಬ್ರುವರಿ ೨೦೨೫, ರವಿವಾರ

ಪ್ರೀತಿಯ ಈಶ್ವರ ಅವರಿಗೆ,

ಸೃಷ್ಟಿಯ ನಮಸ್ಕಾರಗಳು. ಗಂಡನ ಹೆಸರನ್ನು ಹೀಗೆ ನೆಟ್ಟಗೆ ಬರೆದದ್ದು ಅತ್ತೆಯ ಕಣ್ಣಿಗೆ ಬಿದ್ದರೆ ಇವತ್ತು ನನಗೆ ರೊಟ್ಟಿ ಸಿಗುವುದಿಲ್ಲ. ಆದರೆ ಹೆಸರನ್ನು ಬಾಯಲ್ಲಿ ಹೇಳಬಾರದೆಂದಷ್ಟೇ ಈ ಮನೆಯ ಕಟ್ಟಳೆ. ಬರೆಯಬಾರದೆಂದು ಯಾರೂ ಹೇಳಿಲ್ಲ. ಅದಕ್ಕೇ ಬೇಕೆಂದೇ ಬರೆದಿದ್ದೇನೆ, ಈಶ್ವರ ಅವರೇ.

ತಡವಾದದ್ದಕ್ಕೆ ಬೇಸರ ಮಾಡಿಕೊಳ್ಳಬೇಡಿರಿ. ನೀವು ಫೋನ್ ಮಾಡಿದಾಗಲೆಲ್ಲ ನಾನು “ಅತ್ತಿ ಕೈಯಾಗ ಕೊಡ್ತೀನ್ರಿ” ಎಂದು ದಾಟಿಸಿಬಿಟ್ಟೆ. ಸಿಟ್ಟಿನಿಂದಲ್ಲ. ಫೋನಿನಲ್ಲಿ ಕೆಟ್ಟುಹೋದ ಮಾತನ್ನು ಫೋನಿನಲ್ಲಿ ಸರಿಪಡಿಸಲು ಆಗುವುದಿಲ್ಲ ಎಂದು ಅನ್ನಿಸಿತು. ಮದುವೆಯಾದ ವರ್ಷ ನೀವು ಮದುರೈಯಿಂದ ಬರೆಯುತ್ತಿದ್ದ ಕಾಗದಗಳಿಗೆ ಬಂಗಾರ ಕರಗಿಸುವ ಭಟ್ಟಿಯ ಹೊಗೆಯ ವಾಸನೆ ಇರುತ್ತಿತ್ತು. ಮೂಗಿನ ಹತ್ತಿರ ಹಿಡಿದರೆ ನೀವೇ ಪಕ್ಕದಲ್ಲಿ ಕುಳಿತ ಹಾಗೆ. ಫೋನಿಗೆ ಯಾವ ವಾಸನೆಯೂ ಇಲ್ಲ.

ಇಲ್ಲಿ ಎಲ್ಲರೂ ಕ್ಷೇಮ. ಸೀತನಿ ಮುಗಿಯಿತು. ಜೋಳದ ಎಳೆಯ ತೆನೆ ಸುಟ್ಟು ತಿಕ್ಕುವಾಗ ನಿಮಗೊಂದು ಹಿಡಿ ತೆಗೆದಿಟ್ಟೆ. ಇಟ್ಟ ಮೇಲೆ ನೆನಪಾಯಿತು, ಅದು ಮದುರೈವರೆಗೆ ಬಾಳುವ ವಸ್ತುವಲ್ಲ. ನಾನೇ ತಿಂದೆ, ಅಳುತ್ತ ಅಲ್ಲ, ಆದರೂ ರುಚಿ ಗೊತ್ತಾಗಲಿಲ್ಲ. ಮಾವನ ಮೊಣಕಾಲು ನೋವು ಇದ್ದಷ್ಟೇ ಇದೆ. ದಾಳಿಂಬರಿ ಗಿಡಗಳು ಈ ಸಲ ಚೆನ್ನಾಗಿ ಹಿಡಿದಿವೆ, ಮತ್ತು ಅಲ್ಲಿಂದಲೇ ಈ ಮನೆಯ ಜಗಳ ಶುರುವಾಯಿತು.

ಮೂಡಣ ಬದುವಿನ ಕಡೆಯ ಗಿಡಗಳಲ್ಲಿ ಹಣ್ಣು ಕಾಣೆಯಾಗತೊಡಗಿದವು. “ತ್ವಾಟಕ್ಕ ಇನ್ನ ನಾಯಿ ಬೇಕಾತು” ಎಂದರು ಮಾವ. “ಸನಮಡಿ ಜಹಾಂಗೀರನ ನಾಯಿ ಮರಿ ಹಾಕೈತಿ. ಒಂದು ನಮಗ ಇಡು ಅಂತ ಹೇಳೇನಿ.”

ಜಹಾಂಗೀರ ಚಾಚಾ ನಿಮಗೆ ಗೊತ್ತಲ್ಲ, ಕಾರವಾನಿ ನಾಯಿಗಳನ್ನು ಬೆಳೆಸಿ ಮಾರುವವರು. ಉದ್ದ ಮೋರೆ, ಒಣಗಿದ ಬಳ್ಳಿಯಂಥ ಸೊಂಟ, ಮೊಲದ ಹಿಂದೆ ಬಿಟ್ಟರೆ ಗಾಳಿ. ನನ್ನ ಮೈ ಉರಿಯಿತು. ಮಿರಜದಲ್ಲಿ ಸಿಕ್ಕ ಹಸ್ತಪತ್ರಿಕೆಯನ್ನು ಒಳಗಿಂದ ತಂದು ಮಾವನ ಮುಂದೆ ಓದಿದೆ. ‘ಕೊಳ್ಳಬೇಡಿ, ಆಶ್ರಯ ಕೊಡಿ. ನೀವು ಕೊಂಡ ಪ್ರತಿಯೊಂದು ಮರಿಯ ಲೆಕ್ಕಕ್ಕೆ ಬೀದಿಯಲ್ಲೊಂದು ಜೀವ ಸಾಯುತ್ತದೆ.’ ಪ್ರಾಣವನ್ನು ಸಂತೆಯ ಬದನೆಕಾಯಿಯಂತೆ ಆರಿಸಿ ತರುವುದು ಅನ್ಯಾಯ ಎಂದೆ. ಜಾತಿ ನೋಡಿ ನಾಯಿ ತರುವ ಮನೆ ಜಾತಿ ನೋಡಿಯೇ ಮನುಷ್ಯರಿಗೂ ಚಹಾ ಕೊಡುತ್ತದೆ ಎಂದೂ ಅಂದೆ. ಅದನ್ನು ಅನ್ನಬಾರದಿತ್ತೋ ಏನೋ. ಅಂದದ್ದು ಸುಳ್ಳಲ್ಲ.

ಮಾವ ಎಲೆ ಅಡಿಕೆ ಜಗಿಯುತ್ತ ಎಲ್ಲವನ್ನೂ ಕೇಳಿಕೊಂಡರು. “ಆತವ್ವಾ. ಕಳ್ಳ ಬಂದ್ರ ಈ ಪತ್ರಿಕಿ ಬೊಗಳತದೇನ?”

“ಅದೂ ಭಾಳ ದಿನಾ ಇರೂದಿಲ್ಲ ಬಿಡ್ರಿ” ಎಂದರು ಅತ್ತೆ ಒಳಗಿಂದ. “ಮೊನ್ನಿ ಪ್ಲಾಸ್ಟಿಕ್ ಬ್ಯಾಡ ಅನ್ನೂ ಪತ್ರಿಕಿ ನನ್ನ ಉಪ್ಪಿನಕಾಯಿ ಭರಣಿಗೆ ಚಲೋ ಮುಚ್ಚಳ ಆಗೇತಿ.”

ನಗಬೇಡಿರಿ. ನೀವು ನಗುತ್ತಿದ್ದೀರಿ, ನನಗೆ ಗೊತ್ತು.

ಚಾಚಾನ ಎದುರಿಗೇ ಎಲ್ಲ ಹೇಳಿಬಿಡಬೇಕೆಂದು ಮಾವನ ಗಾಡಿಯ ಹಿಂದೆ ಕುಳಿತು ನಾನೂ ಸನಮಡಿಗೆ ಹೋದೆ. ದಾರಿಯುದ್ದಕ್ಕೂ ಭಾಷಣ ಕಟ್ಟುತ್ತಿದ್ದೆ. ಅಂಗಳಕ್ಕೆ ಹೋಗಿ ನಿಂತ ಕೂಡಲೇ ಅವರು, “ಬರ್ರಿ ಮುರಗೆಪ್ಪಣ್ಣಾ, ಕುಂದ್ರಿ. ಸೊಸಿನ್ನೂ ಕರ್ಕೊಂಡ ಬಂದೀರಿ, ಭಾಳ ಚಲೋ ಆತು” ಎಂದು ಹೊರಸಿನ ಮೇಲಿನ ಚಾದರ ಕೊಡವಿ ಹಾಸಿದರು. ಚಹಾ ಕುಡಿಯುವ ಮೊದಲೇ ಕೇಳಿದೆ: “ಚಾಚಾ, ನಾಯಿ ಮಾರೂದು ತಪ್ಪ ಅನಸಂಗಿಲ್ಲೇನ್ರಿ ನಿಮಗ?”

ಮಾವನಿಗೆ ಕೆಮ್ಮು ಬಂತು. ಚಾಚಾ ಮಾತ್ರ ನಕ್ಕರು.

“ಮಾರೂದು ಅನಬ್ಯಾಡ ಬೇಟಿ, ಹೆಣ್ಣ ಕೊಟ್ಟಂಗ ಕೊಡ್ತೀನಿ. ಮನಿ ನೋಡ್ತೀನಿ, ಮಂದಿ ನೋಡ್ತೀನಿ. ಹ್ವಾದ ತಿಂಗಳ ಒಬ್ಬ ಹೊಟೇಲದಾಂವ ದೊಡ್ಡ ಗಾಡಿ ತಗೊಂಡ ಬಂದಿದ್ದ. ಸರಪಳಿ ಎಷ್ಟ ಉದ್ದ ಹಾಕ್ತಿ ಅಂತ ಕೇಳಿದ್ನಿ. ಗೂಟದ ಹಂತ್ಯಾಕ ಮೋಟಾಗಿ ಕಟ್ತೀನಿ ಅಂದ. ಚಾ ಕುಡಿಸಿ ಕಳಿಸಿಬಿಟ್ಟೆ.”

“ನಾಯಿ ಉಂಡ ಮ್ಯಾಲನ ಇವ್ರು ಉಣತಾರ” ಎಂದರು ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ ಸುಲತಾನಾ ಚಾಚಿ. “ನಾ ಉಂಡೀನೋ ಇಲ್ಲೋ, ಅದನ್ನ ಒಂದ ದಿನಾ ಕೇಳಿಲ್ಲ.”

ಹಸ್ತಪತ್ರಿಕೆಯಲ್ಲಿ ಇಂಥ ಮನುಷ್ಯನ ಸುದ್ದಿ ಇರಲಿಲ್ಲ. ಅದರಲ್ಲಿದ್ದವರು ಕತ್ತಲೆ ಗೂಡಿನಲ್ಲಿ ತಾಯಿನಾಯಿಯನ್ನು ಸೆರೆಹಾಕುವವರು. ಅಂಥವರೂ ಇದ್ದಾರೆ, ಅವರ ಮೇಲಿನ ನನ್ನ ಸಿಟ್ಟು ಹಾಗೆಯೇ ಇದೆ. ಇಲ್ಲಿ ಮಾತ್ರ ತಾಯಿ ಬೇವಿನ ನೆರಳಿನಲ್ಲಿ ಮೈಚಾಚಿ ಮಲಗಿತ್ತು, ಮರಿಗಳು ಒಂದರ ಮೇಲೊಂದು ಬಿದ್ದು ಹಾಲು ಕುಡಿಯುತ್ತಿದ್ದವು. ಚಾಚಾ ಅವುಗಳ ವಂಶ ಹೇಳತೊಡಗಿದರು. ಇದರ ಅವ್ವ ರಾಣಿ, ರಾಣಿಯ ಅವ್ವ ಬಿಜಲಿ, ಬಿಜಲಿಯ ಅಪ್ಪ ಉಮರಾಣಿ ಊರಿನ ಮೋತಿ. ಒಂದು ಮರಿಯನ್ನು ಎತ್ತಿ ನನ್ನ ಕೈಯಲ್ಲಿಟ್ಟರು. ಅದು ನನ್ನ ಹೆಬ್ಬೆರಳನ್ನು ಬಾಯಿಗೆ ಹಾಕಿಕೊಂಡು ಚೀಪಿತು. ಹಾಲು ಬರುತ್ತದೆಂದು ನಂಬಿ ಚೀಪಿತು. ನನ್ನ ಭಾಷಣ ಎಲ್ಲಿ ಹೋಯಿತೋ. “ಮಾವಾ, ಇದನ್ನ ತಗೊಳ್ಳೂಣ್ರಿ” ಎಂಬ ಮಾತು ಗಂಟಲಿಗೆ ಬಂದಿತ್ತು.

ಅಷ್ಟರಲ್ಲಿ ಮಾವ ಅಂದರು: “ನೋಡಿದಿಲ್ಲವ್ವಾ? ರಕ್ತ ಗೊತ್ತಿರಬೇಕು. ಯಾರದೋ, ಎಲ್ಲಿದೋ ತಂದು ಮನ್ಯಾಗ ಹಾಕ್ಕೊಂಡ್ರ, ದೊಡ್ಡದಾದ ಮ್ಯಾಲ ಏನ ಗುಣಾ ತೋರಸ್ತದೋ ಯಾರಿಗಿ ಗೊತ್ತು?”

ಮರಿಯನ್ನು ಕೆಳಗಿಟ್ಟೆ. ಈ ಮಾತನ್ನು ನೀವೂ ಕೇಳಿದ್ದೀರಿ, ಈಶ್ವರ ಅವರೇ. ನಾಯಿಯ ಬಗ್ಗೆ ಅಲ್ಲ.

ಬರುವಾಗ ದಾರಿಯಲ್ಲಿ ನಾನು ನಿಮ್ಮ ಮಾತನ್ನೇ ಮಾವನಿಗೆ ಹೇಳಿದೆ. ಹಳೆಯ ಬಂಗಾರ ಶುದ್ಧ ಮಾಡುವ ನಿಮ್ಮ ಗಲಾಯಿ ಅಂಗಡಿಗೆ ಒಬ್ಬರ ಮುರಿದ ಬೆಂಡೋಲೆ ಬರುತ್ತದೆ, ಇನ್ನೊಬ್ಬರ ಸವೆದ ಉಂಗುರ ಬರುತ್ತದೆ, ಸತ್ತವರ ಮೂಗುತಿ ಬರುತ್ತದೆ. ಮೂಸೆಯಲ್ಲಿ ಕರಗಿದ ಮೇಲೆ ಯಾರ ಮನೆಯ ಬಂಗಾರವೆಂದು ಯಾರೂ ಕೇಳುವುದಿಲ್ಲ ಎಂದು ಮದುವೆಯಾದ ಹೊಸದರಲ್ಲಿ ನೀವೇ ಹೇಳಿದ್ದಿರಿ. ಎಷ್ಟು ದೊಡ್ಡ ಮಾತು! ನಾನು ಓದಿದ ಯಾವ ಪತ್ರಿಕೆಯಲ್ಲೂ ಇಲ್ಲದ ಮಾತು. ಮಾವ ಗಾಡಿ ನಿಲ್ಲಿಸದೆಯೇ ಉತ್ತರ ಕೊಟ್ಟರು: “ಬಂಗಾರಕ್ಕ ಒರಿಗಲ್ಲ ಐತಿ. ರಕ್ತಕ್ಕ ಎಲ್ಲೈತವ್ವಾ?”

 

ಸೋಮವಾರ, ಮಧ್ಯಾಹ್ನ

ನಿನ್ನೆ ಅಷ್ಟಕ್ಕೇ ನಿಂತಿತು, ಜೋಳ ಕೊಯ್ದು ಗೂಡು ಹಾಕುತ್ತಿದ್ದ ಆಳುಗಳಿಗೆ ಬುತ್ತಿ ಒಯ್ಯಬೇಕಾಗಿತ್ತು. ಈಗ ಇನ್ನೊಂದು ನಾಯಿಯ ವಿಷಯ ಹೇಳುತ್ತೇನೆ.

ದವಾಖಾನೆಗೆಂದು ಮಿರಜಕ್ಕೆ ಹೋದೆನಲ್ಲ, ಅವತ್ತು ಊರಿಗೆ ತಿರುಗುವ ಬಸ್ಸಿಗೆ ಇನ್ನೂ ವೇಳೆ ಇತ್ತು. ಪತ್ರಿಕೆ ಹಂಚುತ್ತಿದ್ದ ಹುಡುಗಿ ತಮ್ಮ ಬೀದಿನಾಯಿಗಳ ಆಶ್ರಯಕ್ಕೆ ಕರೆದಳು. ಹೋದೆ, ಆಗ ಎಲ್ಲಿಗೆ ಕರೆದಿದ್ದರೂ ಹೋಗುತ್ತಿದ್ದೆ. ಜಾಳಿಗೆಯ ಬಾಗಿಲ ಹತ್ತಿರ ನಿಂತರೆ ನಾಯಿಗಳೆಲ್ಲ ಓಡಿಬಂದು ಎಗರಿದವು, ನನ್ನನ್ನು ಒಯ್ಯಿ, ನನ್ನನ್ನು ಒಯ್ಯಿ ಎಂದು. ಒಂದು ಮಾತ್ರ ಹಿಂದಿನ ಗೋಡೆಗೆ ಅಂಟಿ ಕುಳಿತಿತ್ತು. ಹಳದಿ ಬಣ್ಣದ ಹೆಣ್ಣು ನಾಯಿ, ಯಾವುದೋ ಗಾಡಿಗೆ ಸಿಕ್ಕು ಹಿಂಗಾಲು ಸೊಟ್ಟಗೆ ಕೂಡಿದೆ. ನನ್ನ ಕಡೆ ಒಮ್ಮೆ ನೋಡಿತು, ಮುಖ ತಿರುಗಿಸಿತು. ಬಂದವರು ತಮ್ಮನ್ನು ಆರಿಸುವುದಿಲ್ಲವೆಂದು ಗೊತ್ತಿದ್ದವರು ಹಾಗೆಯೇ ಮುಖ ತಿರುಗಿಸುತ್ತಾರೆ. ಯಾರಾದರೂ ಕರುಣೆ ತೋರಿಸುವ ಮೊದಲೇ.

ಅವತ್ತೇ ಸಂಜೆ ಊರಿಗೆ ಬಂದು ಸಿಗ್ನಲ್ ಸಿಗುವ ನೀರಿನ ಟಾಕಿಯ ಮೆಟ್ಟಿಲೇರಿ ನಿಮಗೆ ಫೋನ್ ಮಾಡಿದೆ. ನಿಮ್ಮ ಭಟ್ಟಿಯ ಗಾಳಿಯಂತ್ರ ಗುಂಯ್ ಎನ್ನುತ್ತಿತ್ತು. ನಿಮ್ಮ ಅಂಗಡಿಯ ದತ್ತಾ ಯಾರನ್ನೋ ಬೈಯುತ್ತಿದ್ದ. ನಾನು ಹೇಳುವಷ್ಟು ಹೇಳಿ, ಕಡೆಗೆ ಕೇಳಿದೆ: “ಸಾಕೂಣೇನ್ರಿ?”

ನೀವು ಒಂದೇ ಮಾತು ಅಂದಿರಿ. “ಸಾಕು.”

ಆಮೇಲೆ ಲೈನು ಹರಿಯಿತು. ನಾನು ಆ ಮಾತನ್ನು ಸೆರಗಿನಲ್ಲಿ ಕಟ್ಟಿಕೊಂಡು ಕೆಳಗಿಳಿದೆ. ಸನಮಡಿಯಿಂದ ಬಂದ ಮರುದಿನ ಯಾರಿಗೂ ಹೇಳದೆ ಮಿರಜಕ್ಕೆ ಹೋಗಿ, ಆ ಹಳದಿ ನಾಯಿಯನ್ನು ಬಾಡಿಗೆ ಜೀಪಿನಲ್ಲಿ ತೊಡೆಯ ಮೇಲೆ ಮಲಗಿಸಿಕೊಂಡು ತಂದೆ. ಮಾವ ಕಟ್ಟೆಯ ಮೇಲಿಂದ ಎದ್ದುನಿಂತರು. “ಅವ್ರು ಸಾಕು ಅಂದಾರ್ರೀ” ಎಂದೆ. ಮಗ ಅಂದಿದ್ದಾನೆ ಎಂದ ಕೂಡಲೇ ಮಾವ ತಿರುಗಿ ಕಟ್ಟೆಯ ಮೇಲೆ ಕುಳಿತರು. ಆದರೆ ಅತ್ತೆ ಹಿಟ್ಟಿನ ಕೈಯಲ್ಲೇ ಹೊರಗೆ ಬಂದರು.

“ಹ್ಯಾಂಗ ಅಂದ?”

“ಸಾಕು ಅಂದ್ರು.”

“ಎಲೀ ಹುಚ್ಚಿ! ಸಾಕು ಅಂದ್ರ ಸಾಕು ಅಂದಾನ, ಸಾಕು ಅಂದಿಲ್ಲ!”

ಮಾವ ಒಮ್ಮೆ ಅತ್ತೆಯ ಮುಖ, ಒಮ್ಮೆ ನನ್ನ ಮುಖ ನೋಡಿದರು. “ಏನ ಅಂದಿ? ಇನ್ನೊಮ್ಮಿ ಅನ್ನು.”

ಅವತ್ತಿನಿಂದ ಮನೆಯಲ್ಲಿ ಇದೇ ನಡೆದಿದೆ. ದನಿ ಏರಿಸಿ ಅಂದನೋ, ಇಳಿಸಿ ಅಂದನೋ? ಉಸಿರು ಬಿಟ್ಟು ಅಂದನೋ, ಹಿಡಿದು ಅಂದನೋ? ಬಿಸಿಲಿಗೆ ಕುಳಿತ ಮುದುಕರು ಕೂಡ ಎರಡು ಪಂಗಡವಾಗಿದ್ದಾರೆ. ನಾಯಿಗೆ ಹೆಸರಿಡುವ ಕೆಲಸವೇ ಉಳಿಯಲಿಲ್ಲ. ಅತ್ತೆ ಸಿಟ್ಟಿನಿಂದ “ಏ ಸಾಕವ್ವಾ” ಎಂದು ಕರೆದರು, ಅದು ಕುಂಟುತ್ತ ಬಂದು ಅವರ ಕಾಲ ಹತ್ತಿರ ಕುಳಿತುಕೊಂಡಿತು. ಈಗ ಅದೇ ಹೆಸರು. ಬೊಗಳುವುದು ಕಡಿಮೆ. ತೋಟಕ್ಕೆ ಅದರಿಂದ ಎಷ್ಟು ಉಪಯೋಗವೋ ನಾನು ಹೇಳಲಾರೆ, ಸುಳ್ಳು ಹೇಳಿ ಗೆಲ್ಲುವುದು ನನಗೆ ಬೇಡ. ಆದರೆ ಮೊನ್ನೆ ಅತ್ತೆ ತಮ್ಮ ತಾಟಿನ ರೊಟ್ಟಿಯನ್ನು ಹಾಲಿನಲ್ಲಿ ಅದ್ದಿ ಗೋಡೆಯ ಮರೆಯಲ್ಲಿ ಇಡುವುದನ್ನು ಕಂಡೆ. ನನ್ನನ್ನು ನೋಡಿ, “ಹಳಸಿದ್ದು” ಎಂದರು. ಹಳಸಿರಲಿಲ್ಲ.

ಮಾವನ ತೀರ್ಮಾನ ಇಷ್ಟು. ಯುಗಾದಿಗೆ ನೀವು ಬಂದು ಯಾವ ಸಾಕು ಎಂದು ಬಾಯಿಂದ ಹೇಳಬೇಕು. ಅಲ್ಲಿಯವರೆಗೆ ಜಹಾಂಗೀರ ಚಾಚಾ ಮರಿಯನ್ನು ನಮಗಾಗಿ ಇಟ್ಟಿರುತ್ತಾರೆ. ಬೇಡವೆಂಬ ಅರ್ಥವಾದರೆ ಸಾಕವ್ವ ಮಿರಜಕ್ಕೆ ವಾಪಸು, ಕಾರವಾನಿ ಮರಿ ಮನೆಗೆ. ಫೋನಿನಲ್ಲಿ ಈ ಮಾತು ಎತ್ತಬಾರದು, ನಾಯಿಯ ಮುಖ ನೋಡಿಯೇ ನೀವು ಹೇಳಬೇಕು ಎಂದು ನಾನು ಎಲ್ಲರಿಗೂ ಕೈಮುಗಿದು ಒಪ್ಪಿಸಿದ್ದೇನೆ. ಆದ್ದರಿಂದ ನಾಯಿ ಬಂದ ಸುದ್ದಿಯನ್ನು ನಿಮಗೆ ಮೊದಲು ಹೇಳುವುದು ಈ ಕಾಗದವೇ.

ಸಂಜೆಯಾದರೆ ಅದು ಹಿತ್ತಲು ಬಿಟ್ಟು ಮುಂದಿನ ಹೊಸ್ತಿಲಿಗೆ ಬರುತ್ತದೆ, ರಸ್ತೆಯ ಕಡೆ ಮುಖ ಮಾಡಿ ಕೂರುತ್ತದೆ. ಯಾರ ದಾರಿ ನೋಡುತ್ತದೋ. ನಾನೂ ಅದರ ಪಕ್ಕ ಕುಳಿತು ಅಕ್ಕಿ ಆರಿಸುತ್ತೇನೆ. ಜತ್ತದ ಕಡೆಯಿಂದ ಬರುವ ಗಾಡಿಯ ಸದ್ದಿಗೆ ಇಬ್ಬರ ತಲೆಯೂ ಒಟ್ಟಿಗೆ ಏಳುತ್ತದೆ.

ಊಟ ಸರಿಯಾಗಿ ಮಾಡಿರಿ. ಆಮ್ಲದ ಹೊಗೆ ಕುಡಿಯಬೇಡಿರಿ, ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿರಿ. ದತ್ತಾನಿಗೆ ನನ್ನ ನಮಸ್ಕಾರ ತಿಳಿಸಿರಿ. ದೇವರ ಮಾತಿನಲ್ಲಿ ನನಗೆ ಇನ್ನೂ ಅನುಮಾನಗಳಿವೆ, ಅದು ನಿಮಗೆ ಗೊತ್ತೇ ಇದೆ. ಆದರೂ ನಿಮ್ಮ ಹೆಸರಿನಲ್ಲಿ ದಿನವೂ ಒಂದು ದೀಪ ಹಚ್ಚುತ್ತೇನೆ. ಅದರ ಬೆಳಕು ಎಲ್ಲಿಯವರೆಗೆ ಹೋಗುತ್ತದೋ ಅಲ್ಲಿಯವರೆಗೆ ನೀವು ಸುಖವಾಗಿರಿ.

ನಿಮ್ಮ ದಾರಿ ನೋಡುವ,
ಸೃಷ್ಟಿ

ತಾ.ಕ.: ಮನೆಯವರಿಗೆ ನಾನು ನಾಯಿಯ ಮಾತೆಂದು ಹೇಳಿದೆ. ನಿಮಗೆ ಗೊತ್ತು, ಆ ಸಂಜೆ ನಾನು ನಾಯಿಯ ಸುದ್ದಿಯನ್ನೇ ಎತ್ತಿರಲಿಲ್ಲ. ಡಾಕ್ಟರು ಇನ್ನು ಆಸೆ ಇಟ್ಟುಕೊಳ್ಳಬೇಡಿರಿ ಎಂದದ್ದನ್ನು ಹೇಳಿದೆ, ಹೇಳಿ ಕೇಳಿದೆ: “ಒಂದು ಕೂಸು ತಂದು ಸಾಕೂಣೇನ್ರಿ?” ಹೋದ ದೀಪಾವಳಿಯಲ್ಲಿ ಅಂಗನವಾಡಿ ಶಿಕ್ಷಕಿ ದತ್ತಕದ ಮಾತು ತೆಗೆದಾಗಲೂ ಮಾವ ಇದನ್ನೇ ಅಂದಿದ್ದರು, ಯಾರದೋ, ಎಲ್ಲಿದೋ, ರಕ್ತ ಗೊತ್ತಿರಬೇಕು ಎಂದು. ನೀವು ತಲೆ ಎತ್ತದೆ ಉಂಡು ಎದ್ದಿರಿ. ನೀವು ಹೇಳಿದ ಸಾಕು ಯಾವುದೆಂದು ತಿರುಗಿ ಕೇಳುವ ಧೈರ್ಯ ನನಗಿರಲಿಲ್ಲ, ಅದಕ್ಕೇ ಆ ಮಾತನ್ನು ನಾಯಿಯ ಕೊರಳಿಗೆ ಕಟ್ಟಿ ಮನೆಗೆ ತಂದೆ. ಯುಗಾದಿಗೆ ಬಂದಾಗ ದಯವಿಟ್ಟು ಆ ಶಬ್ದ ಆಡಬೇಡಿರಿ. ಬೇಡವಾದರೆ ‘ಬ್ಯಾಡ’ ಅನ್ನಿರಿ, ನಾನು ತಡೆದುಕೊಳ್ಳುತ್ತೇನೆ. ಬೇಕಾದರೆ, ಮಾವನ ಎದುರಿಗೆ, ತಲೆ ಎತ್ತಿ, ‘ಸಾಕೂಣು’ ಅನ್ನಿರಿ. ಅದಕ್ಕೆ ಬೇರೆ ಅರ್ಥವಿಲ್ಲ. ಅದರಲ್ಲಿ ನಾವಿಬ್ಬರೂ ಇದ್ದೇವೆ.