ನಿನ್ನ ತಾಯಿಯ ಮೀಟರ್ ವಹಿ

ಜೋರಾಪುರ ಪೇಟೆ, ವಿಜಾಪುರ
ತಾ. ೧೪-೧೦-೧೯೭೮, ಶನಿವಾರ

ಪ್ರೀತಿಯ ಮಗಳು ಹಸೀನಾಳಿಗೆ ಅಬ್ಬಾನ ದುವಾ.

ಇಲ್ಲಿ ನಾವಿಬ್ಬರೂ ಕ್ಷೇಮ. ಧಾರವಾಡದ ಜಿಟಿಜಿಟಿ ಮಳೆಗೆ ಹಿಡಿದಿದ್ದ ನೆಗಡಿ ನಿನ್ನನ್ನು ಬಿಟ್ಟಿತೋ ಇಲ್ಲವೋ, ಮೊದಲು ಅದನ್ನು ಬರೆ. ಟ್ರೇನಿಂಗ್ ಕಾಲೇಜಿನ ಹಾಸ್ಟೆಲಿನಲ್ಲಿ ದಿನಾ ಅನ್ನವೇ, ರೊಟ್ಟಿಯ ಮುಖ ಕಂಡು ತಿಂಗಳಾಯಿತು ಎಂದು ಬರೆದಿದ್ದೆಯಲ್ಲ, ಅದನ್ನು ಓದಿ ಹೇಳಿದ ದಿನವೇ ನಿನ್ನ ತಾಯಿ ನಲವತ್ತು ಖಡಕ್ ರೊಟ್ಟಿ ಬಡಿದು ಡಬ್ಬಿ ತುಂಬಿಟ್ಟಿದ್ದಾಳೆ. ಆ ಕಡೆ ಹೋಗುವವರು ಸಿಕ್ಕ ಕೂಡಲೇ ಕಳಿಸುತ್ತೇನೆ. ನನ್ನ ಮೊಣಕಾಲು ಮೊದಲಿನ ಹಾಗೇ ಇದೆ, ಹೆಚ್ಚಿಲ್ಲ ಕಡಿಮೆಯಿಲ್ಲ.

ತಿಂಗಳಿಂದ ಕಾಗದವಿಲ್ಲ ಎಂದು ಸಿಟ್ಟಾಗಬೇಡ. ಒಂಬತ್ತು ದಿನ ನಮ್ಮ ಗಿರಣಿಯ ಕರೆಂಟು ತೆಗೆದಿದ್ದರು. ನಿನ್ನ ಅಬ್ಬಾ ಮೀಟರಿನ ಮುಳ್ಳು ತಿರುವಿದ ಕಳ್ಳ ಎಂದು ಪೇಟೆಯಲ್ಲೆಲ್ಲ ಸುದ್ದಿಯಾಗಿತ್ತು. ಗಾಬರಿಯಾಗಬೇಡ, ಎಲ್ಲ ಮುಗಿದಿದೆ. ನಿನ್ನೆ ಸಂಜೆಯಿಂದ ಗಿರಣಿ ಓಡುತ್ತಿದೆ. ನಾಡಿದ್ದು ಸೀಗಿ ಹುಣ್ಣಿಮೆ ಆದ್ದರಿಂದ ಹೆಣ್ಣುಮಕ್ಕಳು ಸಜ್ಜೆ, ಕಡಲೆಬೇಳೆ ಹಿಡಿದು ಬಾಗಿಲ ತನಕ ಸಾಲು ಹಚ್ಚಿದ್ದಾರೆ. ನಮ್ಮ ಮರ್ಯಾದೆ ಉಳಿಸಿದವರು ಯಾರು ಗೊತ್ತೇನು? ನಾನಲ್ಲ, ನಾನು ಹಿಡಿದು ತಂದ ವಕೀಲನೂ ಅಲ್ಲ. ಬಬಲೇಶ್ವರದ ಹೊಲದಲ್ಲಿ ಕಳೆ ತೆಗೆದು ಬೆಳೆದು, ಸಾಲೆಯ ಕಟ್ಟೆಯನ್ನೂ ಹತ್ತದ ನಿನ್ನ ತಾಯಿ ಮದೀನಾಬಿ.

ಜೂನ್ ತಿಂಗಳಲ್ಲಿ ನೀನು ಧಾರವಾಡಕ್ಕೆ ಹೊರಟಾಗ ನಿನಗೆ ಒಂದೇ ಚಿಂತೆ, ದಿನಾ ಬೆಳಿಗ್ಗೆ ಮೀಟರ್ ಯಾರು ಬರೆದಿಡುತ್ತಾರೆ ಎಂಬುದು. ನನಗೆ ಪುರಸೊತ್ತಿಲ್ಲ ಎಂದೆ. ಆಗ ನೀನು ತಾಯಿಯ ಕೈಗೆ ಒಂದು ವಹಿ, ಒಂದು ಪೆನ್ಸಿಲ್ಲು, ಒಂದು ನಾಲ್ಕಾಣೆ ಕೊಟ್ಟು ಕೂಡಿಸಿಕೊಂಡೆ. ಅಂಕಿ ಬಾರದಿದ್ದರೆ ಬಿಡು, ನಾಲ್ಕಾಣೆ ಇಟ್ಟು ಐದು ಸುತ್ತು ಗೀರು, ಮೀಟರಿನ ಐದು ಗಡಿಯಾರದಲ್ಲಿ ಮುಳ್ಳು ಯಾವ ಕಡೆ ಮುಖ ಮಾಡಿದೆಯೋ ಇಲ್ಲಿಯೂ ಹಾಗೇ ಗೆರೆ ಎಳೆ ಎಂದು ಹೇಳಿಕೊಟ್ಟೆ. ಮೇಲಿನ ಸೊನ್ನೆಯಿಂದ ಮನೆ ಎಣಿಸುವುದನ್ನೂ ಕಲಿಸಿದೆ. ಆ ಗಡಿಯಾರಗಳೋ, ಒಂದು ಬಲಕ್ಕೆ ತಿರುಗಿದರೆ ಪಕ್ಕದ್ದು ಎಡಕ್ಕೆ ತಿರುಗುತ್ತದೆ. ಅತ್ತೆ ಸೊಸೆಯರ ಸಂಸಾರ ಎಂದು ನಾನು ನಕ್ಕಿದ್ದೆ. ಅಂದಿನಿಂದ ಒಂದು ದಿನ ತಪ್ಪಿಸಿಲ್ಲ ಆಕೆ. ಬೆಳಗಿನ ನಮಾಜು ಮುಗಿಸಿ, ಗಿರಣಿ ಶುರುವಾಗುವ ಮೊದಲು, ದಿನಕ್ಕೊಂದು ಸಾಲು, ಸಾಲಿಗೆ ಐದು ಸುತ್ತು, ತಿಂಗಳು ಬದಲಾದರೆ ಹೊಸ ಪುಟ. ಬೀಸಿಸಲು ಬಂದವರ ಮುಂದೆಲ್ಲ ನಾನು, ನಮ್ಮನಿಯಾಕಿ ಒಲಿ ಮುಂದ ಬಳಿ ಅಂಗಡಿ ಇಟ್ಟಾಳ ನೋಡ್ರಿ ಎಂದು ಚೇಷ್ಟೆ ಮಾಡುತ್ತಿದ್ದೆ. ಆಕೆ ಪೆನ್ಸಿಲ್ಲು ಕಿವಿಯ ಹಿಂದೆ ಸಿಕ್ಕಿಸಿಕೊಂಡು ಹಿಟ್ಟು ನಾದುತ್ತಿದ್ದಳು.

ಇನ್ನು ನಡೆದದ್ದು ಕೇಳು. ಸೆಪ್ಟೆಂಬರ್ ಮೊದಲಿಗೆ ನಾವಿಬ್ಬರೂ ತಿಕೋಟಾದ ನಿನ್ನ ಸೋದರತ್ತೆಯನ್ನು ಮಾತಾಡಿಸಲು ಬೆಳಿಗ್ಗೆ ಹೋಗಿ ಸಂಜೆಯ ಬಸ್ಸಿಗೆ ತಿರುಗಿ ಬಂದೆವು. ಆ ದಿನವೇ ಮೀಟರ್ ಓದುವವನು ಬಂದಿದ್ದನಂತೆ. ಗಿರಣಿಗೆ ಬೀಗ ಕಂಡು, ನೀವೇ ಅಂಕಿ ತುಂಬಿ ಕಳಿಸಿರಿ ಎಂದು ಒಂದು ಕಾರ್ಡು ಸಿಕ್ಕಿಸಿ ಹೋಗಿದ್ದ. ಕಾರ್ಡು ತುಂಬಿ ಮರುದಿನ ಕರೆಂಟಿನ ಆಫೀಸಿಗೆ ಹೋಯಿತು. ತಿಂಗಳ ಕೊನೆಗೆ ಬಂದ ಬಿಲ್ಲು ನೋಡಿ ನನ್ನ ಕಣ್ಣಿಗೆ ಕತ್ತಲೆ ಬಂತು. ಪ್ರತಿ ತಿಂಗಳಿಗಿಂತ ಸಾವಿರ ಯುನಿಟ್ ಹೆಚ್ಚು, ನೂರಾ ಎಂಬತ್ತು ರೂಪಾಯಿ ಮೇಲೆ. ನನ್ನ ಸಿಟ್ಟು ನಿನಗೆ ಗೊತ್ತಿದ್ದದ್ದೇ. ಆಫೀಸಿಗೆ ಹೋಗಿ, ನಿಮ್ಮ ಮೀಟರ್ ಕೆಟ್ಟೈತಿ, ಬಂದು ನೋಡ್ರಿ ಎಂದು ನಾಲ್ಕು ಮಂದಿ ಕೇಳುವಂತೆ ಕೂಗಾಡಿ ಬಂದೆ.

ಬಂದು ನೋಡಿದರು. ಕಾರ್ಡಿನಲ್ಲಿ ಇದ್ದದ್ದು ಏಳು ಸಾವಿರದ ಒಂಬತ್ತುನೂರಾ ನಲವತ್ತು. ಆಮೇಲೆ ತಿಂಗಳಿಡೀ ಗಿರಣಿ ಓಡಿದೆ, ಆದರೆ ಮೀಟರ್ ತೋರಿಸುತ್ತಿದ್ದದ್ದು ಏಳು ಸಾವಿರದ ಐದುನೂರು. ಮುಂದಕ್ಕೆ ಹೋಗಬೇಕಾದ ಮುಳ್ಳು ಹಿಂದಕ್ಕೆ ಬಂದದ್ದು ಹೇಗೆ? ಬಿಲ್ಲು ಹೆಚ್ಚಾಯಿತೆಂದು ಯಾರೋ ಒಳಗೆ ಕೈ ಹಾಕಿ ತಿರುವಿದ್ದಾರೆ ಎಂದರು. ಅವರ ಲೆಕ್ಕದಲ್ಲಿ ತಪ್ಪೇನಿರಲಿಲ್ಲ, ನಾನಾಗಿದ್ದರೂ ಹಾಗೇ ಅನ್ನುತ್ತಿದ್ದೆ. ಫ್ಯೂಜು ಕಿತ್ತುಕೊಂಡು, ಮೀಟರಿಗೆ ಸೀಲು ಹಾಕಿ, ಹತ್ತು ದಿನದೊಳಗೆ ಜವಾಬು ಕೊಡದಿದ್ದರೆ ಕೇಸು ಎಂದು ನೋಟೀಸು ಕೊಟ್ಟು ಹೋದರು. ನವರಾತ್ರಿಯ ತುಂಬಾ ಗಿರಣಿ ಬಂದ್. ನಮ್ಮ ಅಪ್ಪನ ಕಾಲದಿಂದ ಬರುತ್ತಿದ್ದವರು ಜೋಳದ ಪುಟ್ಟಿ ಹೊತ್ತು ನಮ್ಮ ಬಾಗಿಲು ದಾಟಿ ಮುಂದಿನ ಗಿರಣಿಗೆ ಹೋಗುವುದನ್ನು ಕಟ್ಟೆಯ ಮೇಲೆ ಕೂತು ನೋಡಿದೆ. ಪಕ್ಕದ ಮನೆಯ ಗುರುಬಸವ್ವ ಒಬ್ಬಳೇ, ಯಾಕೂಬಣ್ಣ ಬಾಯಿಲೆ ಕೆಟ್ಟ, ಕೈಲೆ ಕೆಟ್ಟಾಂವ ಅಲ್ಲ ಎಂದು ಎಲ್ಲರ ಕೂಡ ಜಗಳ ತೆಗೆಯುತ್ತಿದ್ದಳು. ವಕೀಲ, ಸೀಲು ಬಿದ್ದ ಮೇಲೆ ಸಾಕ್ಷಿ ಎಲ್ಲಿಂದ ತರುತ್ತೀರಿ ಎಂದು ಕೈ ಚೆಲ್ಲಿದ.

ಗುರುವಾರ ಬೆಳಿಗ್ಗೆ ನಿನ್ನ ತಾಯಿ ಬುರ್ಖಾ ಹಾಕಿಕೊಂಡು, ವಹಿಯನ್ನು ಅರಿವೆಯಲ್ಲಿ ಸುತ್ತಿ ಹಿಡಿದು ಬಾಗಿಲಲ್ಲಿ ನಿಂತಳು. ನಡೀರಿ, ಸಾಹೇಬರಿಗೆ ತೋರಸೂಣು ಎಂದಳು. ಆ ಬಳಿ ಚಿತ್ರ ನೋಡಿ ಮಂದಿ ನಗ್ತಾರ ಬೇ ಎಂದೆ. ಈಗೇನ್ ಅಳಾಕತ್ತಾರೇನ್ರಿ ಎಂದಳು. ನಾನು ಟೋಪಿ ಹಾಕಿಕೊಂಡು ಹಿಂದೆ ಹೊರಟೆ.

ಆಫೀಸಿನಲ್ಲಿ ಮೊದಲು ನಕ್ಕರು, ಸುಳ್ಳು ಯಾಕೆ ಹೇಳಲಿ. ಸಾಹೇಬರು ಮಾತ್ರ ನಗಲಿಲ್ಲ. ವಯಸ್ಸಾದವರು, ಕನ್ನಡಕ ಏರಿಸಿಕೊಂಡು ಮೊದಲ ಪುಟದಿಂದ ಬಂದರು. ನಿನ್ನ ತಾಯಿ ತಿಕೋಟಾಕ್ಕೆ ಹೋದ ದಿನದ ಸಾಲಿನ ಮೇಲೆ ಬೆರಳಿಟ್ಟಳು. ಸಾವಿರದ ಲೆಕ್ಕ ತೋರಿಸುವ ಎರಡನೆಯ ಸುತ್ತಿನಲ್ಲಿ ಮುಳ್ಳು ಆರು ಏಳರ ನಡುವೆ, ಏಳಕ್ಕೆ ಕೂದಲೆಳೆಯಷ್ಟು ಹತ್ತಿರ. ಆಗ ಆಕೆ ಹೇಳಿದ ಮಾತು ಇದ್ದ ಹಾಗೆ ಬರೆಯುತ್ತೇನೆ: "ಮುಳ್ಳ ಏಳರ ಮನಿ ಬಾಗಲಕ್ಕ ಬಂದೈತ್ರಿ ಸಾಹೇಬರ, ಒಳಗ ಹೋಗಿಲ್ಲ. ಪಕ್ಕದ ಮುಳ್ಳ ಇನ್ನಾ ಒಂಬತ್ತರಾಗ ಐತಿ. ಅದು ಸೊನ್ನಿ ದಾಟೂತನ ಇದು ಆರರ ಮನ್ಯಾಗ ಇದ್ದಂಗರಿ. ನನ್ನ ಮಗಳು ಹಂಗ ಹೇಳ್ಯಾಳ." ಅಂದರೆ ಅಂದಿನ ಮೀಟರು ಆರು ಸಾವಿರದ ಒಂಬತ್ತುನೂರಾ ನಲವತ್ತು. ಕಾರ್ಡಿನಲ್ಲಿ ಆರರ ಜಾಗಕ್ಕೆ ಏಳು ಕೂತು ಸಾವಿರ ಹೆಚ್ಚಾಗಿತ್ತು, ಅಷ್ಟೇ. ಮುಳ್ಳು ಹಿಂದಕ್ಕೆ ಬಂದೇ ಇರಲಿಲ್ಲ.

ಈ ವಹಿಯನ್ನು ಮೊನ್ನೆ ಕೂತು ಗೀಚಿರಬಹುದು ಎಂದು ಗುಮಾಸ್ತ ಒಬ್ಬ ಅಂದ. ಅದೂ ನಿಜವೇ. ಸಾಹೇಬರು ವಹಿ ತಿರುವುತ್ತ ಜುಲೈ ತಿಂಗಳಿಗೆ ನಿಂತರು. ಅಲ್ಲಿ ಮೂರು ದಿನ ಐದೂ ಸುತ್ತು ಒಂದೇ ಥರ ಇದ್ದವು. ಇದ್ಯಾಕ ಹಿಂಗ ಎಂದು ಕೇಳಿದರು. ಗಾಳಿಗೆ ಕಂಬ ಬಿದ್ದಿತ್ತಲ್ರಿ, ಪ್ಯಾಟಿಗೇ ಕರೆಂಟ್ ಇದ್ದಿಲ್ಲ ಎಂದಳು. ಸಾಹೇಬರು ತಮ್ಮ ಆಫೀಸಿನ ದೊಡ್ಡ ರಜಿಸ್ಟರ್ ತರಿಸಿದರು. ಸಾಲು ಎಣಿಸಿ ನೋಡಿದಾಗ ಕಂಬ ಬಿದ್ದ ತಾರೀಖು, ಲೈನು ಬಂದ ತಾರೀಖು, ಎರಡೂ ನಿನ್ನ ತಾಯಿಯ ವಹಿಗೆ ಸರಿಯಾಗಿ ತಾಳೆಯಾದವು. ಕೊನೆಯ ಪುಟದಲ್ಲಿ ಫ್ಯೂಜು ಕಿತ್ತ ಮೇಲಿನ ಸಾಲುಗಳೂ ಇದ್ದವು, ಎಲ್ಲ ಒಂದೇ ಚಿತ್ರ. ಬಂದ್ ಬಿದ್ದ ಮೀಟರನ್ನು ಯಾಕೆ ಬರೆದೆ ಎಂದರೆ, ಮಗಳು ದಿನಾ ಬರಿ ಅಂದಾಳ್ರಿ ಎಂದಳು. ಗುಮಾಸ್ತ ಎದ್ದು ನಿನ್ನ ತಾಯಿಗೆ ತನ್ನ ಕುರ್ಚಿ ಕೊಟ್ಟ. ಹಸೀನಾ, ನನ್ನ ಎದೆ ಎಷ್ಟು ಉಬ್ಬಿತೆಂದರೆ ಅಂಗಿಯ ಗುಂಡಿ ನೋಡಿಕೊಂಡೆ.

ಸಾಹೇಬರು ಬಿಲ್ಲು ತಿದ್ದಿಸಿದರು, ನೋಟೀಸು ರದ್ದು ಮಾಡಿ ಸಹಿ ಹಾಕಿದರು. ನಮ್ಮ ಓದುವ ಹುಡುಗರಿಗೂ ಇಷ್ಟು ಚಲೋ ಬರೂದಿಲ್ಲವಾ ತಾಯಿ ಎಂದರು. ಆಮೇಲೆ ಒಂದು ಮಾತು ಕೇಳಿದರು, ಜಾಗ ಉಳಿದರೆ ಅದನ್ನು ಕೆಳಗೆ ಬರೆಯುತ್ತೇನೆ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ನಾನು ಇಪ್ಪತ್ತೆರಡು ವರ್ಷ ಹಾಗೇ ತಿಳಿದುಕೊಂಡಿದ್ದೆ. ಈಗ ಬೀಸಿಸಲು ಬಂದವರೆಲ್ಲ ವಹಿ ತೋರಿಸು ಎಂದು ಆಕೆಯ ಬೆನ್ನು ಹತ್ತಿದ್ದಾರೆ. ಗುರುಬಸವ್ವ ತನ್ನ ಮನೆಯ ಮೀಟರಿಗೂ ಒಂದು ವಹಿ ಹಾಕಿಕೊಡು ಎಂದು ನಾಲ್ಕಾಣೆ ಹಿಡಿದು ಬಂದಿದ್ದಳು. ನೀನು ಇನ್ನೂ ಶಿಕ್ಷಕಿಯಾಗಿಲ್ಲ, ಆದರೆ ನಿನ್ನ ಮೊದಲ ವಿದ್ಯಾರ್ಥಿನಿ ಪಾಸಾದಳು. ಅದನ್ನು ನಿನ್ನ ಕಾಲೇಜಿನಲ್ಲಿ ಎಲ್ಲರಿಗೂ ಹೇಳು, ನಾಚಬೇಡ.

ಆರೋಗ್ಯ ನೋಡಿಕೋ. ರಾತ್ರಿ ತಲೆಗೆ ಅರಿವೆ ಕಟ್ಟಿಕೊಂಡು ಮಲಗು. ನಿನ್ನ ತಾಯಿಯ ಸಾವಿರ ದುವಾ, ಗುರುಬಸವ್ವನ ಆಶೀರ್ವಾದ. ಅಲ್ಲಾಹ ನಿನ್ನನ್ನು ಸುಖವಾಗಿ ಇಟ್ಟಿರಲಿ.

ನಿನ್ನ ಅಬ್ಬಾ,
ಯಾಕೂಬ ಲಾಲಸಾಬ ಗಿರಣಿ

ತಾ.ಕ. ಟಪಾಲು ತೆಗೆಯುವ ಹೊತ್ತಾಯಿತು, ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ಸಾಹೇಬರು ಕೇಳಿದ್ದು, ಈ ಕಾರ್ಡು ತುಂಬಿದವರು ಯಾರು ಎಂದು. ತುಂಬಿದವನು ನಾನೇ. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವನು, ಮುಳ್ಳು ಏಳಕ್ಕೆ ಹತ್ತಿರ ಕಂಡಿತು, ಏಳು ಎಂದು ಬರೆದೆ. ಆ ಸಂಜೆ ನಿನ್ನ ತಾಯಿ, ತಡೀರಿ, ನನ್ನ ವಹಿ ಒಮ್ಮೆ ನೋಡ್ರಿ ಎಂದಿದ್ದಳು. ಸಾಲಿ ಕಲ್ತಾಂವ ನಾನೋ ನೀನೋ ಎಂದು ಬಾಯಿ ಮುಚ್ಚಿಸಿದ್ದೆ. ಆಫೀಸಿನಲ್ಲಿ ನಾನು ನೆಲ ನೋಡುತ್ತ ನಿಂತಾಗ ಆಕೆಯೇ, ಮನ್ಯಾಗ ತುಂಬೀವ್ರಿ, ನಮ್ಮ ಕಡಿಂದ ತಪ್ಪಾಗೇತಿ ಎಂದಳು. ನನ್ನ ತಪ್ಪಿನಲ್ಲಿ ಅರ್ಧ ತಾನು ಹೊತ್ತಳು. ಮನೆಗೆ ಬಂದ ಮೇಲೂ ಆ ಮಾತು ತೆಗೆದಿಲ್ಲ. ಎರಡು ದಿನದಿಂದ ಹೇಳಬೇಕೆಂದು ಒಲೆಯ ಹತ್ತಿರ ಹೋಗಿ, ನೀರು ಕುಡಿದು ಬರುತ್ತಿದ್ದೇನೆ. ಆಕೆಗೆ ಓದಲು ಬರುವುದಿಲ್ಲ, ನನಗೆ ಹೇಳಲು ಬರುವುದಿಲ್ಲ. ದೀಪಾವಳಿ ಸೂಟಿಗೆ ಬರುವಾಗ ಈ ಕಾಗದ ತಪ್ಪದೆ ತೆಗೆದುಕೊಂಡು ಬಾ. ಎದುರಿಗೆ ಕೂಡಿಸಿಕೊಂಡು ಪೂರ್ತಿ ಓದಿ ಹೇಳು, ಈ ತಾ.ಕ. ಬಿಡಬೇಡ. ಆಗ ನಾನು ಗಿರಣಿಯಲ್ಲಿರುತ್ತೇನೆ. ಓದಿ ಮುಗಿದ ಮೇಲೆ ಚಹಾ ಆಗಿದೆ ಎಂದು ಆಕೆಯೇ ಕರೆಯಲಿ, ಬರುತ್ತೇನೆ.