ಬಲೆಯ ಹಿಂದಿನ ಬಾಯಿ

ಫೆಬ್ರುವರಿ 3, ಸೋಮವಾರ. ಬೆಳಿಗ್ಗೆ 10

ಇವತ್ತೂ ಗಂಟಲು ಕಟ್ಟಿದೆ. ಮೈದಾನದಿಂದ ಬಂದವಳೇ ಬಿಸಿನೀರು ಕುಡಿದೆ. ಗೋಲು ಹಿಡಿಯುವವಳು ಆ ಹುಡುಗಿಯೋ ನೀನೋ ಎಂದು ಅತ್ತೆ ಕೇಳಿದರು. ಹಿಡಿಯುವುದು ಅವಳು, ಹಿಡಿಸುವುದು ನಾನು ಎಂದೆ.

ನಮ್ಮ ಕೀಪರ್ ಕೊಕ್ಕರೆ ಒಂದು ಚೆಂಡನ್ನೂ ಒಳಗೆ ಬಿಡಲಿಲ್ಲ. ಹೆಸರು ನಾನೇ ಇಟ್ಟದ್ದು. ಆಳುದ್ದ ಕಾಲು, ನಿಂತರೆ ಅಲ್ಲಾಡುವುದಿಲ್ಲ. ಅವಳಿಗೂ ಇಷ್ಟ. ಪ್ರಾಕ್ಟೀಸಿನಲ್ಲಿ ನನ್ನ ಜಾಗ ಬಲೆಯ ಹಿಂದೆ, ಮೂಗು ದಾರಕ್ಕೆ ತಾಗುವಷ್ಟು ಹತ್ತಿರ. ಎಡಕ್ಕೆ! ಬಿಡು! ಬಾ ಬಾ, ನಿನ್ನದೇ! ನಾನು ಹೇಳುವುದೇ ತಡ, ಹಾರುತ್ತಾಳೆ. ಸ್ಟ್ರೈಕರ್‌ಗಳು ಒದ್ದು ಒದ್ದು ಸುಸ್ತಾಗಿ ಸೊಂಟದ ಮೇಲೆ ಕೈಯಿಟ್ಟು ನಿಂತರು. ನೋಡಲು ಎಷ್ಟು ಚೆನ್ನಾಗಿತ್ತು!

ಹದಿನೇಳು ವರ್ಷ ಗೋಲಿನಲ್ಲಿ ನಿಂತವಳು ನಾನು. ಭುಜ ಕೈಕೊಟ್ಟಿತು, ಆಟ ಬಿಟ್ಟೆ. ಕಣ್ಣಿಗೇನೂ ಆಗಿಲ್ಲವಲ್ಲ. ಒದೆಯುವವಳ ಸೊಂಟ ತಿರುಗುವಾಗಲೇ ಚೆಂಡು ಎಲ್ಲಿಗೆಂದು ಗೊತ್ತಾಗುತ್ತದೆ. ಕೀಪರ್‌ಗಳ ಕೋಚ್ ಆಗಿ ಮೊದಲ ವರ್ಷ, ಆಗಲೇ ಇಂಥ ಶಿಷ್ಯೆ. ಈ ಕೆಲಸ ನನಗೆ ನೀರು ಕುಡಿದಷ್ಟು ಸುಲಭ.

ಫೆಬ್ರುವರಿ 8, ಶನಿವಾರ

ಮಣ್ಣು ಮುಕ್ಕಿದೆವು. 3–1. ಸಾಲಾಗಿ ಮೂರನೇ ಸೋಲು.

ಆ ಮೂರು ಗೋಲಿನಲ್ಲಿ ಎರಡನ್ನು ನಮ್ಮ ಅತ್ತೆಯೂ ಹಿಡಿಯುತ್ತಿದ್ದರು. ಕೊಕ್ಕರೆ ನಿಂತೇ ಇದ್ದಳು. ಚೆಂಡು ಒಳಗೆ ಹೋದ ಮೇಲೆ ಹಾರಿದಳು — ಯಾರಿಗಾಗಿ? ಪ್ರಾಕ್ಟೀಸಿನಲ್ಲಿ ಹುಲಿ, ಮ್ಯಾಚಿನಲ್ಲಿ ಇಲಿ. ಬೆಂಚಿನಿಂದ ಅರಚಿದೆ. ಅರ್ಧ ಮೈದಾನದಾಚೆ, ಆ ಗಲಾಟೆಯಲ್ಲಿ, ಏನು ಕೇಳಿಸೀತು.

ವಾಪಸ್ ಬರುವಾಗ ಬಸ್ಸಿನಲ್ಲಿ ದೊಡ್ಡ ಕೋಚ್ ನನ್ನ ಪಕ್ಕ ಬಂದು ಕೂತರು. ಇನ್ನು ಉಳಿದಿರುವುದು ಒಂದೇ ಮ್ಯಾಚ್, 22ಕ್ಕೆ. ಡ್ರಾ ಆದರೂ ಸಾಕು. ಸೋತರೆ ಕೆಳಗಿನ ಡಿವಿಷನ್ನಿಗೆ. ಅವರಿಗೆ ಎರಡನೇ ಕೀಪರ್ ಆಡಲಿ ಎಂದು. ಹಗಲು ಬ್ಯಾಂಕಿನಲ್ಲಿ ಕೆಲಸ ಮಾಡುತ್ತಾಳೆ, ಎಲ್ಲರೂ ಅವಳನ್ನು ಬ್ಯಾಂಕು ಅಂತಲೇ ಕರೆಯುವುದು. ಅವಳು ಹಾರುವುದಿಲ್ಲ ನಿಜ, ಆದರೆ ಹೆದರುವುದೂ ಇಲ್ಲ ಎಂದರು. ಕೊಕ್ಕರೆಯೇ ಆಡಬೇಕು ಎಂದೆ.

"ಕೆಳಗೆ ಹೋದ್ರೆ?"

"ನಾನೂ ಹೋಗ್ತೀನಿ ಸರ್. ಬೇರೆ ಕೋಚ್ ನೋಡ್ಕೊಳ್ಳಿ."

ಸರಿ ಎಂದುಬಿಟ್ಟರು. ಅಷ್ಟು ಬೇಗ ಒಪ್ಪಬಾರದಿತ್ತು.

ಫೆಬ್ರುವರಿ 11

ತಲೆ ಚಿಟ್ಟು ಹಿಡಿದಿದೆ. ಕಣ್ಣಿನ ತೊಂದರೆಯೋ, ಹೆದರಿಕೆಯೋ, ಮನೆಯಲ್ಲಿ ಏನಾದರೂ…? ಕೇಳಿದರೆ ಗೊತ್ತಿಲ್ಲ ಅಕ್ಕ ಎನ್ನುತ್ತಾಳೆ. ಇವತ್ತು ಪ್ರಾಕ್ಟೀಸಿನಲ್ಲಿ ಮತ್ತೆ ಎಲ್ಲವನ್ನೂ ಹಿಡಿದಳು. ಖುಷಿಪಡಬೇಕೋ ಅಳಬೇಕೋ.

ಫೆಬ್ರುವರಿ 13. ಸಂಜೆ 7

ಇವರು ಕಾರನ್ನು ಗೇಟಿನ ಕಂಬಕ್ಕೆ ಗುದ್ದಿದರು.

ದಿನಾ ರಿವರ್ಸ್ ತೆಗೆಯುವಾಗ ಹಿಂದೆ ನಿಂತು ಬಲಕ್ಕೆ, ಇನ್ನೂ ಬಲಕ್ಕೆ, ನಿಲ್ಲಿ ನಿಲ್ಲಿ ಎನ್ನುವವಳು ನಾನು. ಇವತ್ತು ಸ್ನಾನದ ಮನೆಯಲ್ಲಿದ್ದೆ. ಸದ್ದಿಗೆ ಓಡಿ ಬಂದರೆ ಹಿಂದಿನ ದೀಪ ಚೂರುಚೂರು. ಇವರು ಕಂಬವನ್ನೇ ದುರುಗುಟ್ಟಿ ನೋಡುತ್ತಿದ್ದಾರೆ, ಅದೇ ಅಡ್ಡ ಬಂತು ಎನ್ನುವ ಹಾಗೆ.

"ಕನ್ನಡಿ ಯಾತಕ್ಕಿದೆ ರೀ? ನೋಡ್ಬಾರ್ದಾ?"

"ನೀನಿರುವಾಗ ಕನ್ನಡಿ ಯಾರು ನೋಡ್ತಾರೆ? ನೀನು ನಿಲ್ಲಿ ಅಂತಿಯಾ ಅಂತ ಕಾಯ್ತಾ ಇದ್ದೆ."

ಮೆಟ್ಟಿಲ ಮೇಲೆ ಕೂತುಬಿಟ್ಟೆ. ದೀಪಕ್ಕಾಗಿ ಸಂಕಟಪಡುತ್ತಿದ್ದೇನೆ ಎಂದುಕೊಂಡು ಇವರು ಸಮಾಧಾನ ಮಾಡಿದರು.

ಕೊಕ್ಕರೆ ಚೆಂಡು ನೋಡುತ್ತಿಲ್ಲ. ನನ್ನ ದನಿಗೆ ಕಾಯುತ್ತಿದ್ದಾಳೆ. ಮ್ಯಾಚಿನಲ್ಲಿ ಬಲೆಯ ಹಿಂದೆ ನಾನಿಲ್ಲ. ಅವಳು ಕಾಯುತ್ತಾಳೆ, ಚೆಂಡು ಒಳಗೆ. ಅಯ್ಯೋ ನನ್ನ ಬಾಯಿಯೇ! ಆಟ ಬಿಟ್ಟೆ ಬಿಟ್ಟೆ ಎಂದು ಊರಿಗೆಲ್ಲ ಹೇಳಿದೆ. ಬಿಟ್ಟಿದ್ದೆಲ್ಲಿ? ಆ ಹುಡುಗಿಯ ಕೈಕಾಲು ಇಟ್ಟುಕೊಂಡು ನಾನೇ ಆಡುತ್ತಿದ್ದೇನೆ.

ಸರಿ. ಕಾಯಿಲೆ ಗೊತ್ತಾಯಿತು. ಇನ್ನೂ ಒಂದು ವಾರ ಇದೆ.

ಫೆಬ್ರುವರಿ 14

ಹೇಳಿದೆ. ಇವತ್ತಿನಿಂದ ನಾನು ಬಾಯಿ ಬಿಡುವುದಿಲ್ಲ, ನೀನೇ ನೋಡು, ನೀನೇ ಹಾರು, ನಾನು ಊರಲ್ಲೇ ಇಲ್ಲ ಅಂದುಕೋ ಎಂದು. ಟವೆಲ್ ಬಾಯಲ್ಲಿ ಕಚ್ಚಿಕೊಂಡು ನಿಂತೆ.

ಮೊದಲನೆಯದು ಒಳಗೆ. ಎರಡನೆಯದು ಒಳಗೆ. ಆಮೇಲೆ ಲೆಕ್ಕ ಬಿಟ್ಟೆ. ಬ್ಯಾಂಕು ಗ್ಲೌಸ್ ಕಟ್ಟಿಕೊಳ್ಳುವ ನೆಪದಲ್ಲಿ ಮುಸಿಮುಸಿ ನಕ್ಕಳು. ಕೊಕ್ಕರೆ ಬಲೆಯ ಹತ್ತಿರ ಬಂದಳು, ಕಣ್ಣು ತುಂಬಿತ್ತು.

"ಏನಾದ್ರೂ ಹೇಳಿ ಅಕ್ಕ. ಬೈದ್ರೂ ಪರವಾಗಿಲ್ಲ."

ಮುಂದಿನ ಚೆಂಡಿಗೆ ತಡೆಯಲಾಗಲಿಲ್ಲ, ಟವೆಲ್ ಬಿದ್ದು 'ಬಲ' ಎಂದು ಅರ್ಧ ಮಾತು ಜಾರಿತು. ಆ ಅರ್ಧಕ್ಕೇ ಹಾರಿ ಹಿಡಿದುಬಿಟ್ಟಳು. ಇಬ್ಬರೂ ಮುಖ ಮುಖ ನೋಡಿಕೊಂಡೆವು. ಅವಳಿಗೂ ಗೊತ್ತಾಯಿತು. ಪಾಪ, ಬ್ಯಾಗು ಎತ್ತಿಕೊಂಡು ಹೋದಳು.

ಫೆಬ್ರುವರಿ 18

ಬಲೆಯ ಹಿಂದೆ ನಿಂತರೆ ಬಾಯಿ ಸುಮ್ಮನಿರುವುದಿಲ್ಲ. ಆದ್ದರಿಂದ ಮೂರು ದಿನದಿಂದ ಮೈದಾನದ ನಡುವೆ, ಬೆನ್ನು ತಿರುಗಿಸಿ ನಿಲ್ಲುತ್ತಿದ್ದೇನೆ. ದೊಡ್ಡ ಕೋಚ್ ಇದೇನು ಹೊಸ ವಿದ್ಯೆ ಎಂದು ಕೇಳಿದರು. ಹೌದು ಸರ್, ಹೊರದೇಶದ್ದು ಎಂದೆ. ತಲೆಯಾಡಿಸಿ ಹೋದರು.

ಕಿವಿಯಲ್ಲೇ ಗೊತ್ತಾಗುತ್ತದೆ. ಗ್ಲೌಸಿಗೆ ಬಿದ್ದರೆ ದಪ್ಪ ಸದ್ದು. ಬಲೆಗೆ ಬಿದ್ದರೆ ಸದ್ದೇ ಇಲ್ಲ. ಶನಿವಾರ ಎಲ್ಲಾ ನಿಶ್ಶಬ್ದ. ನಿನ್ನೆ ಅಲ್ಲೊಂದು ಇಲ್ಲೊಂದು. ಇವತ್ತು ಒಂದರ ಹಿಂದೆ ಒಂದು, ಧಪ್ ಧಪ್ ಎಂದು, ಹೊಟ್ಟೆ ತಣ್ಣಗಾಯಿತು.

ಕೊನೆಗೆ ಒಂದೇ ಒಂದು ಸಲ ತಿರುಗಿ ನೋಡಿದೆ. ಬದಿಯಿಂದ ಎತ್ತರಕ್ಕೆ ತೂರಿಬಂದ ಕ್ರಾಸ್, ಐದಾರು ಜನರ ಗುಂಪು. ನಾನಾಗಿದ್ದರೆ 'ಬಿಡು' ಎನ್ನುತ್ತಿದ್ದೆ. ಅವಳು ನುಗ್ಗಿ ಎಲ್ಲರ ತಲೆಯ ಮೇಲಿಂದ ಕಿತ್ತುಕೊಂಡಳು. ನನ್ನ ಹದಿನೇಳು ವರ್ಷದಲ್ಲಿ ಅಂಥದ್ದಕ್ಕೆ ನಾನು ಹೋದವಳೇ ಅಲ್ಲ. ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ ಹೇಳಲಿ. ಆಮೇಲೆ ದಾರಿಯುದ್ದಕ್ಕೂ ನಗುತ್ತಾ ಬಂದೆ.

ಫೆಬ್ರುವರಿ 22. ಬೆಳಿಗ್ಗೆ 7

ಇವತ್ತೇ. ಚೆನ್ನಾಗಿ ನಿದ್ದೆ ಬಂತು. ನಾವು ಕೆಳಗೆ ಹೋಗುವುದಿಲ್ಲ.

ಇವರು ಕಾರು ಹೊರಗೆ ತೆಗೆದರು, ಕನ್ನಡಿ ನೋಡಿಕೊಂಡು. ನಾನು ಬೇಕೆಂದೇ ಒಳಗಿದ್ದೆ. ಕಂಬ ಕ್ಷೇಮ.

ರಾತ್ರಿ 8

1–1. ಉಳಿದೆವು! ಮಾತು ಹೊರಡುತ್ತಿಲ್ಲ, ಆದ್ದರಿಂದ ಬರೆಯುತ್ತೇನೆ.

ಮುಗಿಯಲು ಎರಡೇ ನಿಮಿಷ, ಅವರಿಗೆ ಪೆನಾಲ್ಟಿ. ಒದೆಯಲು ಬಂದವಳು ನನಗೆ ಹಳೆಯ ಪರಿಚಯ. ನನ್ನ ವಿರುದ್ಧ ಎಷ್ಟೋ ಸಲ ಒದ್ದಿದ್ದಾಳೆ, ಯಾವತ್ತೂ ಕೀಪರಿನ ಬಲಕ್ಕೇ. ಕೊಕ್ಕರೆ ಗೆರೆಯ ಮೇಲೆ ನಿಂತು ಬೆಂಚಿನ ಕಡೆ ನೋಡಿದಳು. ನನ್ನನ್ನೇ. ಬಲಗೈ ಒಂದಿಷ್ಟು ಎತ್ತಿದರೆ ಸಾಕಿತ್ತು.

"ಯಾವ ಕಡೆ ಅಂತ ತೋರ್ಸಿ!" ದೊಡ್ಡ ಕೋಚ್ ನನ್ನ ತೋಳು ಹಿಡಿದು ಅಲ್ಲಾಡಿಸಿದರು.

ಬೆನ್ನು ತಿರುಗಿಸಿದೆ. ಕೈ ಎರಡನ್ನೂ ಕಂಕುಳಲ್ಲಿ ಒತ್ತಿಕೊಂಡೆ.

ಎದುರಿಗೆ ಸ್ಟ್ಯಾಂಡು. ಮೂರನೇ ಸಾಲಿನಲ್ಲಿ ಇವರು, ಫೋನ್ ಹಿಡಿದುಕೊಂಡು, ಬಾಯಿ ತೆರೆದುಕೊಂಡು. ಎಲ್ಲರೂ ಉಸಿರು ಬಿಗಿಹಿಡಿದಿದ್ದರು. ಸೀಟಿ. ಆಮೇಲೆ ಆ ದಪ್ಪ ಸದ್ದು, ಗ್ಲೌಸಿನದು. ನನ್ನ ಜನ್ಮದಲ್ಲಿ ಅಷ್ಟು ಒಳ್ಳೆಯ ಸದ್ದು ಕೇಳಿಲ್ಲ. ಸ್ಟ್ಯಾಂಡಿಗೆ ಸ್ಟ್ಯಾಂಡೇ ಎದ್ದು ನಿಂತಿತು.

ಮ್ಯಾಚ್ ಮುಗಿದೊಡನೆ ಕೊಕ್ಕರೆ ಓಡಿ ಬಂದು ನನ್ನ ಕೊರಳಿಗೆ ಬಿದ್ದಳು, ಮೈಯೆಲ್ಲ ಮಣ್ಣು. ಬಲಕ್ಕೇ ತಾನೇ ಎಂದೆ.

"ಇಲ್ಲ ಅಕ್ಕ, ಎಡಕ್ಕೆ. ನಿಮ್ಮ ಬೆನ್ನು ಕಂಡಾಗ ಮನಸ್ಸಲ್ಲೇ ನಿಮ್ಮನ್ನ ಬೈಕೊಂಡೆ. ಆಮೇಲೆ ಅವಳ ಸೊಂಟ ನೋಡ್ದೆ."

ಎಡಕ್ಕೆ. ನಾನು ಕೈ ಎತ್ತಿದ್ದರೆ ಹುಡುಗಿ ಬಲಕ್ಕೆ ಹಾರುತ್ತಿದ್ದಳು, ಚೆಂಡು ಎಡಕ್ಕೆ ಒಳಗೆ ಹೋಗುತ್ತಿತ್ತು. ಬೆಂಚು ಹಿಡಿದುಕೊಂಡೆ. ಮುಂದಿನ ವರ್ಷವೂ ನೀವೇ ಎಂದು ದೊಡ್ಡ ಕೋಚ್ ಹೇಳಿದ್ದು ಆಮೇಲೆ. ಮತ್ತೆ ಯಾರು ಇರುತ್ತಾರೆ?

ಎಲ್ಲರೂ ನೋಡಿದ್ದಾರೆ, ನಾನೊಬ್ಬಳೇ ನೋಡಿಲ್ಲ. ಇವರ ಫೋನಿನಲ್ಲಿ ವಿಡಿಯೋ ಇದೆ. ಅತ್ತೆಯೂ ಕುರ್ಚಿ ಎಳೆದುಕೊಂಡು ಬಂದರು. ಒತ್ತಿದೆ. ಎಡಗೈಯಲ್ಲಿ ಫೋನು, ಬಲಗೈಯಲ್ಲಿ ಪೆನ್ನು. ಕೊಕ್ಕರೆ ಬೆಂಚಿನ ಕಡೆ ನೋಡಿದಳು. ಮುಖ ಗಂಟಿಕ್ಕಿದಳು — ಅದೇ ಬೈದದ್ದು ಇರಬೇಕು. ತಿರುಗಿದಳು. ಸೀಟಿ. ಒದೆಯುವವಳು ಓಡಿ ಬರುತ್ತಿದ್ದಾಳೆ. ಇರು… ಇರು ಕಣೇ… ಸೊಂಟ ನೋಡು, ಎಡ