ಬರಿಗಾಲಿಗೆ ತಕ್ಕ ನೆಲ

ಕಾರ್ಕಾರ್, ಸೆಬು
೯ ಅಕ್ಟೋಬರ್ ೧೯೯೩, ಶನಿವಾರ

ಪ್ರೀತಿಯ ಲೂಡಿ,

ಹೇಗಿದ್ದೀಯ? ಕಣ್ಣಿನ ನೋವು ಇಳಿಯಿತೇ? ಹನಿ ಹಾಕುವಾಗ ಈಗಲೂ ಉರಿಯುತ್ತದೆಯೇ? ಮನಿಲಾದ ಬಿಳಿ ಅನ್ನ ಸೇರುತ್ತಿಲ್ಲ, ನಮ್ಮ ಜೋಳದ ನುಚ್ಚೇ ಬೇಕು ಅನ್ನುತ್ತೀಯಂತೆ. ಹೊಟ್ಟೆ ತುಂಬ ಉಣ್ಣು, ಹಠ ಮಾಡಬೇಡ. ಬಲತೊಡೆಯೊಂದನ್ನು ಬಿಟ್ಟರೆ ನಾನು ಚೆನ್ನಾಗಿದ್ದೇನೆ. ತೊಡೆಯ ಕಥೆ ಮುಂದೆ ಬರುತ್ತದೆ. ರೊಸಾಲ್, ಮಗಳೇ, ಅಮ್ಮನಿಗೆ ಇದನ್ನು ನಿಧಾನವಾಗಿ ಓದು. ಸಾಲು ಹಾರಿಸಬೇಡ, ಅವಳಿಗೆ ತಕ್ಷಣ ಗೊತ್ತಾಗುತ್ತದೆ.

ಡಾಕ್ಟರು ಕೈಲಾದದ್ದನ್ನೆಲ್ಲ ಮಾಡಿದರು, ಇನ್ನು ಅಮ್ಮನಿಗೆ ಬೆಳಕು ಯಾವುದು ನೆರಳು ಯಾವುದು ಎಂಬಷ್ಟೇ ಕಾಣುತ್ತದೆ ಎಂದು ರೊಸಾಲ್ ಬರೆದಿದ್ದಳು. ಓದಿ ಅಂಗಡಿಯ ಬಾಗಿಲು ಹಾಕಿದೆ. ಗಿರಾಕಿಗಳು ಕ್ಷೌರಕ್ಕೆ ಕೂರುವ ಕುರ್ಚಿಯಲ್ಲಿ ಕನ್ನಡಿಗೆ ಬೆನ್ನು ಮಾಡಿ ಬಹಳ ಹೊತ್ತು ಕೂತೆ. ಆದರೆ ನನ್ನನ್ನು ಕುಗ್ಗಿಸಿದ್ದು ಅದರ ಕೆಳಗಿನ ಸಾಲು. ನೀನು ಇನ್ನು ಊರಿಗೆ ಬರುವುದಿಲ್ಲ ಅಂದೆಯಂತೆ. "ಆ ಮೇಣದ ನೆಲದ ಮೇಲೆ ಕಣ್ಣಿದ್ದೋರೇ ಜಾರ್ತಾರೆ. ನಾನು ಬಿದ್ದು ಸೊಂಟ ಮುರ್ಕೊಂಡ್ರೆ ನಿಮ್ಮಪ್ಪ ಕತ್ತರಿ ಹಿಡೀತಾನಾ, ನನ್ನ ಹಿಡೀತಾನಾ?" ಅಂದೆಯಂತೆ. ಟ್ರಂಕ್ ಕಾಲ್ ಮಾಡಿ ಕೇಳಿದರೆ ಬರೀ "ಹೂಂ" ಅಂದು ಫೋನನ್ನು ಮಗಳ ಕೈಗೆ ದಾಟಿಸಿದೆ. ಅದಕ್ಕೇ ಬರೆಯುತ್ತಿದ್ದೇನೆ. ಕಾಗದದ ಬಾಯಿಯನ್ನು "ಹೂಂ" ಅಂದು ಮುಚ್ಚಿಸಲಾಗುವುದಿಲ್ಲ.

ಶನಿವಾರ ಬೆಳಿಗ್ಗೆ ನಾನು ಕೆಳಗೆ ಮೊದಲ ಗಿರಾಕಿಯ ಕುತ್ತಿಗೆಗೆ ಬಟ್ಟೆ ಕಟ್ಟುವ ಹೊತ್ತಿಗೆ ನನ್ನ ತಲೆಯ ಮೇಲೆ, ಮಹಡಿಯಲ್ಲಿ, ಹಲಗೆ ನೆಲಕ್ಕೆ ಹೊಳಪು ಕೊಡುವ ನಿನ್ನ ತೆಂಗಿನ ಸಿಪ್ಪೆ ಶುರುವಾಗುತ್ತಿತ್ತು. ಒಂದು ಕಾಲು ಅರ್ಧ ಸಿಪ್ಪೆಯ ಮೇಲೆ, ಇನ್ನೊಂದು ಹಲಗೆಯ ಮೇಲೆ, ಸೊಂಟದ ಮೇಲೆ ಕೈ. ಸರಕ್ ಸರಕ್ ಎಂದು ಕಿಟಕಿಯಿಂದ ಅಡುಗೆಮನೆಯವರೆಗೆ ಉಜ್ಜುತ್ತ ಹೋಗುತ್ತಿದ್ದೆ. ನನ್ನ ಕತ್ತರಿ ಆ ಸದ್ದನ್ನು ಹಿಡಿದೇ ಓಡುತ್ತಿತ್ತು ಎಂಬುದು ನೀನು ಹೋದ ಮೇಲೆ ಗೊತ್ತಾಯಿತು. ಮೀನು ಮಾರುವ ಇಸ್ಕೊ ಮುದುಕ ಮೊನ್ನೆ ಕುರ್ಚಿಯಲ್ಲಿ ಕೂತು ಮೇಲೆ ನೋಡಿ, "ಏನಯ್ಯಾ ಮೆಲೆಸಿಯೊ, ನಿನ್ ಮಹಡಿ ಉಸಿರೇ ಆಡ್ತಿಲ್ಲ. ಅದಕ್ಕೇ ನನ್ ಕೂದ್ಲು ಒಂದು ಕಿವಿ ಹತ್ರ ಮೇಲೆ, ಒಂದು ಕಿವಿ ಹತ್ರ ಕೆಳಗೆ" ಅಂದ. ನೋಡಿದರೆ ನಿಜವಾಗಿಯೂ ಹಾಗೇ ಇತ್ತು!

ನೀನು ಬರುವುದಿಲ್ಲವೆಂಬ ಸುದ್ದಿ ತಿಳಿದು ನನ್ನ ತಮ್ಮ ದಾಮಿಯಾನ್ ಪ್ಲಾಸ್ಟಿಕ್ ಹಾಸಿನ ದೊಡ್ಡ ಸುರುಳಿಯನ್ನು ಹೆಗಲ ಮೇಲೆ ಹೊತ್ತು ತಂದ. "ಅಣ್ಣಾ, ಇದು ಜಾರೋದೇ ಇಲ್ಲ. ಮೇಣ ಬೇಡ, ಸಿಪ್ಪೆ ಬೇಡ, ಒದ್ದೆ ಬಟ್ಟೇಲಿ ಒಂದ್ಸಲ ಒರಸಿದ್ರೆ ಆಯ್ತು. ಅತ್ತಿಗೆಗೆ ಇಷ್ಟ ಆಗ್ಲಿ ಅಂತ ಗುಲಾಬಿ ಹೂವಿನ್ದೇ ಆರಿಸ್ದೆ" ಅಂದ. ನಿನ್ನಕ್ಕ ಸೆಪಾ ಅಲ್ಲೇ ನಿಂತಿದ್ದಳು. ಅವಳು ಸುಮ್ಮನಿರುತ್ತಾಳೆಯೇ? "ಕಣ್ಣು ಕಾಣದೋಳಿಗೆ ಗುಲಾಬಿ ತಂದಿದಾನೆ ನೋಡು ಬುದ್ಧಿವಂತ!" ಅಂದಳು. ಪಾಪ, ಅವನ ಮುಖ ಸಣ್ಣದಾಯಿತು. ಆದರೂ ಮೂವರೂ ಸೇರಿ ಹಾಸಿದೆವು. ನೀನು ಬರುವುದಾದರೆ ಈ ಮನೆಗೆ ಏನು ಹೊದಿಸಲಿಕ್ಕೂ ನಾನು ತಯಾರಿದ್ದೆ.

ಅವರು ಹೋದ ಮೇಲೆ ನನಗೊಂದು ಯೋಚನೆ ಬಂತು. ಕಣ್ಣು ಮುಚ್ಚಿಕೊಂಡು ಆ ಹಾಸಿನ ಮೇಲೆ ನಡೆದೆ. ಲೂಡಿ, ನಾನು ನಮ್ಮ ಮನೆಯಲ್ಲೇ ದಾರಿ ತಪ್ಪಿದೆ. ಎಲ್ಲ ಕಡೆಯೂ ಒಂದೇ ತಂಪು, ಒಂದೇ ನುಣುಪು. ಕಿಟಕಿ ಎಲ್ಲಿದೆ, ಮಂಚ ಎಲ್ಲಿದೆ, ಕಾಲು ಏನನ್ನೂ ಹೇಳಲಿಲ್ಲ. ಹಾಸನ್ನು ಸುತ್ತಿ ಗೋಡೆಗೆ ಒರಗಿಸಿ, ಬರಿಯ ಹಲಗೆಗಳ ಮೇಲೆ ಇನ್ನೊಮ್ಮೆ ಹಾಗೇ ನಡೆದೆ. ಕಿಟಕಿಯ ಹತ್ತಿರದ ಹಲಗೆ ಬಿಸಿಲಿಗೆ ಬೆಚ್ಚಗಿತ್ತು. ಹೊಲಿಗೆ ಯಂತ್ರದ ಮುಂದೆ ನಿನ್ನ ಹಿಮ್ಮಡಿ ಊರಿ ಊರಿ ಸಣ್ಣ ಗುಳಿ ಬಿದ್ದಿದೆ. ದೇವರ ಪೀಠದ ಮುಂದೆ ನಿನ್ನ ಮೊಣಕಾಲುಗಳ ಎರಡು ತಗ್ಗು. ಊಟದ ಮೇಜಿನ ಪಕ್ಕದ ಹಲಗೆ ಕಿರುಗುಟ್ಟಿತು. ಆ ನೆಲಕ್ಕೆ ನಿನ್ನ ಮೈ ಭಾರ ಗೊತ್ತು. ಅದನ್ನು ಗುಲಾಬಿಯ ಕೆಳಗೆ ಮುಚ್ಚಿಡಲು ಮನಸ್ಸು ಬರಲಿಲ್ಲ. ಹಾಸನ್ನು ವಾಪಸ್ ಕೊಟ್ಟಾಗ ದಾಮಿಯಾನ್ ಮುನಿಸಿಕೊಂಡ.

ಹಾಗಾದರೆ ನೆಲ ಜಾರದಿರಲು ಏನು ಮಾಡುವುದು? ಸೆಪಾ ಅಕ್ಕ ಮಂಡಿಯೂರಿ ಮೂಲೆಯೊಂದನ್ನು ಉಗುರಿನಿಂದ ಕೆರೆದು ತೋರಿಸಿದಳು. "ಜಾರೋದು ಮರ ಅಲ್ಲ ಕಣಯ್ಯಾ, ಮೇಣ. ನೋಡು, ಬೆಣ್ಣೆ ಬಳಿದ ಹಾಗೆ ಕೂತಿದೆ." ಕಿಟಕಿಯ ಬಳಿ ಮೇಣ ತೆಳ್ಳಗಿತ್ತು. ಒಳಗೆ ಕತ್ತಲೆಯ ಕಡೆಗೆ ಹೋದ ಹಾಗೆಲ್ಲ ದಪ್ಪ, ಮತ್ತೂ ದಪ್ಪ. ಇಬ್ಬರಿಗೂ ಒಟ್ಟಿಗೇ ಅರ್ಥವಾಯಿತು. ಕಣ್ಣು ಮಂಜಾಗುತ್ತಾ ಬಂದ ಹಾಗೆ ನಿನಗೆ ಹೊಳಪು ಕಾಣದಾಗಿ, ಸಾಲಲಿಲ್ಲವೆಂದು ಮತ್ತೆ ಮತ್ತೆ ಬಳಿದಿದ್ದೀಯ. ಯಾರಿಗೂ ಒಂದು ಮಾತು ಹೇಳಿಲ್ಲ. ಯಾವತ್ತೂ ಬಾಯಿ ಮುಚ್ಚದ ಸೆಪಾ ಅಕ್ಕ ಕರವಸ್ತ್ರ ಸಿಗದ್ದಕ್ಕೆ ಮೇಣ ಬಳಿಯುವ ಬಟ್ಟೆಯಿಂದಲೇ ಮೂಗು ಒರೆಸಿಕೊಂಡಳು.

ಆಮೇಲೆ ಇಬ್ಬರೂ ಕೆಲಸಕ್ಕೆ ಬಿದ್ದೆವು. ಚಾಕು ತಾಗಿಸಲಿಲ್ಲ, ಹೆದರಬೇಡ. ತೆಂಗಿನ ಚಿಪ್ಪಿನ ಅಂಚಿನಿಂದ ಮರದ ಎಳೆ ಸಾಗಿದ ದಿಕ್ಕಿನಲ್ಲೇ ಮೇಣ ಎಬ್ಬಿಸಿದೆವು. ಸೀಮೆಎಣ್ಣೆಯನ್ನು ಬಟ್ಟೆಗೆ ತುಸುವೇ ಮುಟ್ಟಿಸಿ ಒರೆಸಿದೆವು. ನಾನೊಮ್ಮೆ ಬಕೆಟ್ಟಿನಲ್ಲಿ ನೀರು ತಂದದ್ದಕ್ಕೆ ಅಕ್ಕ ಹಾರಿ ಬಿದ್ದಳು: "ಗಿರಾಕಿ ತಲೆ ಅಂದ್ಕೊಂಡ್ಯಾ ಸುರಿಯೋಕೆ? ಸಂದಿಗೆ ನೀರು ಹೋದ್ರೆ ಹಲಗೆ ಉಬ್ಬುತ್ತೆ!" ಬಟ್ಟೆಯನ್ನು ಗಟ್ಟಿಯಾಗಿ ಹಿಂಡಿ ಒರೆಸಿ, ಕಿಟಕಿಗಳನ್ನೆಲ್ಲ ತೆರೆದು ಒಣಗಿಸಿದೆವು. ಕಂದು ಕೊಳೆಯ ಅಡಿಯಿಂದ ನಾರಾ ಮರದ ಕೆಂಪು ಎದ್ದು ಬಂತು. ನಮ್ಮ ಮದುವೆಯ ವರ್ಷ ನೋಡಿದ್ದೆವಲ್ಲ, ಅದೇ ಬಣ್ಣ. ಅದರ ಮೇಲೆ ಮೇಣವನ್ನು ಇದೆಯೋ ಇಲ್ಲವೋ ಎಂಬಷ್ಟು ತೆಳ್ಳಗೆ ಸವರಿ, ನಾನೇ ಸಿಪ್ಪೆ ಹತ್ತಿದೆ. ಮೊದಲ ದಿನ ಸಿಪ್ಪೆ ಒಂದು ಕಡೆ, ನಾನು ಒಂದು ಕಡೆ ಹೋದೆವು. "ಕುಣಿಯೋಕೆ ಬರದೋನ್ನ ನನ್ ತಂಗಿ ಹೇಗೆ ಕಟ್ಕೊಂಡ್ಳೋ!" ಎಂದು ಅಕ್ಕ ನಕ್ಕು ನಕ್ಕು ನೆಲದ ಮೇಲೇ ಕೂತುಬಿಟ್ಟಳು. ತೊಡೆಯ ಕಥೆ ಇದೇ. ಬಟ್ಟೆಗೆ ಮೇಣ ಅಂಟದಷ್ಟು ಉಜ್ಜಿದ ಮೇಲೆ ನೆಲ ಕಾಲನ್ನು ಜಾರಿಸಲಿಲ್ಲ, ಹಿಡಿದುಕೊಂಡಿತು.

ನನ್ನ ಕಣ್ಣಿಗೆ ಅಂಗಡಿಯ ಬಟ್ಟೆ ಕಟ್ಟಿಕೊಂಡು ಮಂಚದಿಂದ ಒಲೆಯವರೆಗೆ, ಒಲೆಯಿಂದ ಕಿಟಕಿಯವರೆಗೆ ದಿನವೂ ನಡೆದು ನೋಡಿದ್ದೇನೆ. ಪೆಟ್ಟಿಗೆಗೆ ಮೊಣಕಾಲು ಬಡಿದಲ್ಲೆಲ್ಲ ಪೆಟ್ಟಿಗೆ ಸರಿಸಿದೆ. ಬರಿಗಾಲಿನಲ್ಲಿ ಒಮ್ಮೆಯೂ ಜಾರಲಿಲ್ಲ. ಚಪ್ಪಲಿ ಹಾಕಿದಾಗ ಜಾರಿದೆ, ಹಾಗಾಗಿ ಮಹಡಿಗೆ ಚಪ್ಪಲಿ ತರುವಂತಿಲ್ಲ. ಮೆಟ್ಟಿಲು ಇಳಿಯುವ ಕಡೆ ಎರಡು ಹಲಗೆಗಳಿಗೆ ಮೇಣ ಹಾಕದೆ ಒರಟಾಗಿ ಬಿಟ್ಟಿದ್ದೇನೆ. ಕಾಲಿಗೆ ಒರಟು ಸಿಕ್ಕರೆ ನಿಲ್ಲಬೇಕು ಎಂದು ಲೆಕ್ಕ. ಮುನಿಸಿಕೊಂಡಿದ್ದ ದಾಮಿಯಾನ್ ತಾನೇ ಬಂದು ಅಲ್ಲೊಂದು ಗೇಟು ಕೂರಿಸಿ, "ಅತ್ತಿಗೆಗೆ ಇದನ್ನ ನಾನ್ ಮಾಡಿದ್ದು ಅಂತ ಹೇಳು" ಅಂದ. ಹೇಳಿದ್ದೇನೆ. ಇಷ್ಟಾದರೂ ಮೂಲೆಗಳನ್ನು ಉಜ್ಜುವುದು ನಿನ್ನ ಕಾಲಿಗೆ ಬಂದ ಹಾಗೆ ನನ್ನ ಕಾಲಿಗೆ ಬಂದಿಲ್ಲ. ಸಿಪ್ಪೆ ಉಜ್ಜುವುದಕ್ಕೆ ಕಣ್ಣು ಬೇಕಿಲ್ಲ ಲೂಡಿ, ನಾನೇ ಬಟ್ಟೆ ಕಟ್ಟಿಕೊಂಡು ಉಜ್ಜಿ ನೋಡಿದ್ದೇನೆ.

ಅಳಿಯನಿಗೆ ನನ್ನ ನೆನಪು ತಿಳಿಸು. ರೊಸಾಲ್, ನಿನಗೆ ಆಶೀರ್ವಾದ, ಓದಿದ್ದಕ್ಕೆ ಒಂದು ಮುತ್ತು ಹೆಚ್ಚಿಗೆ. ಸೆಪಾ ಅಕ್ಕ ತಂಗಿಗೆ ಪ್ರೀತಿ ಹೇಳಿದ್ದಾಳೆ, ಜೊತೆಗೆ ಎರಡು ಬೈಗುಳವನ್ನೂ. ಬೈಗುಳಗಳನ್ನು ನಾನು ಬರೆದಿಲ್ಲ. ದೇವರು ನಿನ್ನ ಜೊತೆಗಿರಲಿ.

ನಿನ್ನವನೇ ಆದ,
ಮೆಲೆಸಿಯೊ

ಮರೆತಿದ್ದೆ: ಬುಧವಾರದ ಹಡಗಿನಲ್ಲಿ ಅಲ್ಲಿಗೆ ಹೊರಟಿದ್ದೇನೆ. ನೀನು ಬರುತ್ತೇನೆ ಅಂದರೆ ಇಬ್ಬರೂ ಒಟ್ಟಿಗೆ ವಾಪಸಾಗೋಣ. ಬರಲ್ಲ ಅಂದರೆ ನಾನು ಒತ್ತಾಯ ಮಾಡುವುದಿಲ್ಲ, ಜಗಳವನ್ನೂ ಆಡುವುದಿಲ್ಲ. ಕತ್ತರಿ, ಬಾಚಣಿಗೆ, ಕ್ಷೌರದ ಕತ್ತಿ ಎಲ್ಲವನ್ನೂ ಗಂಟು ಕಟ್ಟಿಕೊಂಡೇ ಬರುತ್ತಿದ್ದೇನೆ. ಮನಿಲಾದ ಗಂಡಸರಿಗೂ ಕೂದಲು ಬೆಳೆಯುತ್ತದೆ.